ಬೀಳುವ ಮುಂಚಿನ ಒಂದು ಅಡಿ

೯ ಜನವರಿ ೧೯೭೯, ಮಂಗಳವಾರ

...ಹೌದು, ನಿನ್ನೆ ಅಲ್ಲಿಗೇ ಬಿಟ್ಟೆ. ಆ ಒಂದು ಹೆಜ್ಜೆ. ಬೀಳುವ ಮುಂಚೆ ಇಡಬೇಕಾದ ಹೆಜ್ಜೆ. ಬಾಲು ಬರುವ ಕಡೆಯ ಕಾಲನ್ನು ಓರೆಯಾಗಿ, ಸ್ವಲ್ಪವೇ ಮುಂದಕ್ಕಿಟ್ಟು, ಅದರ ಮೇಲೆ ಭಾರ ಹಾಕಿ ಹಾರಬೇಕು. ಹತ್ತು ದಿನದಿಂದ ಹೇಳುತ್ತಿದ್ದೇನೆ. ಸೊಣ್ಣಪ್ಪ ನಿಂತಲ್ಲಿಂದಲೇ ಬೀಳುತ್ತಾನೆ. ಲಾರಿಯಿಂದ ಮೂಟೆ ಉರುಳಿದ ಹಾಗೆ.

ಮೂಟೆ ಎಂದದ್ದಕ್ಕೆ ನಕ್ಕ. "ಆರು ವರ್ಸದಿಂದ ಪೆಟ್ಗೆ ಎತ್ತೀವ್ನಿ ಸಾ. ಮೈಯೂ ಅಂಗೇ ಆಗೋಗದೆ."

ನಿಜವೇ. ಹೂಡಿಯವನು. ವಯಸ್ಸು ಇಪ್ಪತ್ತೇಳು, ಮದುವೆಯಾಗಿದೆ. ಕಾರ್ಖಾನೆಯ ಡಿಸ್ಪ್ಯಾಚಿನಲ್ಲಿ ಕ್ಯಾಶುಯಲ್. ಮಧ್ಯಾಹ್ನದ ಶಿಫ್ಟು. ಫುಟ್‌ಬಾಲ್ ಟೀಮಿನ ಉಳಿದವರು ಸಂಜೆ ಆಡುತ್ತಾರೆ, ಇವನಿಗೆ ಆಗ ಕೆಲಸ. ಹಾಗಾಗಿ ಬೆಳಿಗ್ಗೆ ಆರಕ್ಕೆ ಒಬ್ಬನೇ ಬರುತ್ತಾನೆ. ನಾನೂ ಒಬ್ಬನೇ ಇರುತ್ತೇನೆ. ಸರಿಹೋಯಿತು.

ಹಳೆಯ ಗೋಲ್‌ಕೀಪರ್ ಬಿಟ್ಟುಹೋದ ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದೇ ಒಂದು ಪೋಸ್ಟು ಖಾಲಿ. ಇಪ್ಪತ್ತೊಂದಕ್ಕೆ ಪೀಣ್ಯದವರ ಮೇಲೆ ಮ್ಯಾಚು. ಅದನ್ನು ನೋಡಿ ಸ್ಪೋರ್ಟ್ಸ್ ಸೆಕ್ರೆಟರಿ ಶ್ಯಾಮಣ್ಣ ಹೆಸರು ಕಳಿಸುತ್ತಾರೆ. ಸೊಣ್ಣಪ್ಪನ ಹೆಸರು ಹೋದರೆ ಪರ್ಮನೆಂಟ್. ಹೋಗದಿದ್ದರೆ ಮಾರ್ಚ್ ಕೊನೆಗೆ ಕ್ಯಾಶುಯಲ್‌ಗಳನ್ನೆಲ್ಲ ಮನೆಗೆ ಕಳಿಸುವಾಗ ಇವನೂ ಮನೆಗೆ.

ನಾನು ಆಗಲೇ ಮನೆಗೆ ಬಂದವನು. ಇನ್‌ಸ್ಪೆಕ್ಷನ್ನಿನಿಂದ ರಿಟೈರಾಗಿ ಹದಿನಾಲ್ಕು ತಿಂಗಳು. ಆದರೂ ಮೈದಾನ ಬಿಟ್ಟಿಲ್ಲ. ಆನರರಿ ಕೋಚ್. ಆನರರಿ ಅಂದರೆ ಫ್ಲಾಸ್ಕಿನ ಕಾಫಿಯೂ ನನ್ನದೇ.

೧೧ ಜನವರಿ, ಗುರುವಾರ

ಮಂಜು. ನೀಲಗಿರಿ ತೋಪು ಕಾಣಲಿಲ್ಲ, ರೈಲ್ವೆ ಗೇಟು ಕಾಣಲಿಲ್ಲ. ಎರಡು ಗೋಲುಕಂಬ ಮಾತ್ರ, ಯಾರೋ ಬಾಗಿಲು ನಿಲ್ಲಿಸಿ ಗೋಡೆ ಕಟ್ಟುವುದು ಮರೆತ ಹಾಗೆ.

ಇವತ್ತು ಮನೆಯಿಂದ ಸೀಮೆಎಣ್ಣೆಯ ಲಾಳಿಕೆ ತೆಗೆದುಕೊಂಡು ಹೋಗಿದ್ದೆ. ಇಂಟರ್‌ಮೀಡಿಯೆಟ್‌ನಲ್ಲಿ ಫಿಸಿಕ್ಸ್ ಮೇಷ್ಟ್ರು ಮೇಜಿನ ಮೇಲೆ ಇದನ್ನೇ ಇಟ್ಟು ತೋರಿಸುತ್ತಿದ್ದರು. ಬಾಯಿ ಕೆಳಗೆ ಮಾಡಿ ಕವುಚಿದರೆ ಸ್ಟೇಬಲ್ ಇಕ್ವಿಲಿಬ್ರಿಯಂ. ಮೂತಿಯ ಮೇಲೆ ನಿಲ್ಲಿಸಿದರೆ ಅನ್‌ಸ್ಟೇಬಲ್. ಅಡ್ಡ ಮಲಗಿಸಿದರೆ ನ್ಯೂಟ್ರಲ್. ‘ಎ ಬಾಡಿ ಈಸ್ ಸೆಡ್ ಟು ಬಿ...’ ಮುಂದಿನದು ಮರೆತಿದೆ. ‘ವೆನ್ ಸ್ಲೈಟ್ಲಿ ಡಿಸ್‌ಪ್ಲೇಸ್ಡ್’ ಎಂದು ಎಲ್ಲೋ ಬರುತ್ತಿತ್ತು. ಸ್ಲೈಟ್ಲಿ ಡಿಸ್‌ಪ್ಲೇಸ್ಡ್. ಎಷ್ಟು ಮೆತ್ತಗಿನ ಮಾತು. ಹೆಂಡತಿ ಸುಬ್ಬಲಕ್ಷ್ಮಿ ಹೋದ ಮೇಲೆ ನಾನೂ ಹಾಗೇ. ಮನೆ ಅದೇ, ಕುರ್ಚಿ ಅದೇ, ಮನುಷ್ಯನೂ ಅವನೇ. ಸ್ಲೈಟ್ಲಿ ಡಿಸ್‌ಪ್ಲೇಸ್ಡ್.

ಸೊಣ್ಣಪ್ಪ ಲಾಳಿಕೆಯನ್ನು ತಿರುಗಿಸಿ ನೋಡಿದ. "ಈಗ ನಾನು ಯಾವ್ದು ಸಾ?"

"ನೀನು ಕವುಚಿದ್ದು. ಯಾರು ತಳ್ಳಿದರೂ ಅಲ್ಲಾಡಲ್ಲ. ಗೋಲ್‌ಕೀಪರ್ ಆದವನು ಮೂತಿ ಮೇಲೆ ನಿಂತಿರಬೇಕು. ಉಫ್ ಅಂದರೆ ಬೀಳೋ ಹಾಗೆ."

"ಸೀಮೆಣ್ಣೆ ನಾತ ಒಡೀತದೆ ಸಾ," ಎಂದ. ಆದರೆ ಹಿಮ್ಮಡಿ ಎತ್ತಿ ನಿಂತ. ಮೊದಲ ಸಲ.

೧೨ ಜನವರಿ, ಶುಕ್ರವಾರ

ಸಿಕ್ಕಿತು! ಪದ ಸಿಕ್ಕಿತು.

‘ಸ್ಟೆಪ್’ ಎಂದರೆ ಅವನು ಮೆಟ್ಟಿಲು ಎಂದುಕೊಳ್ಳುತ್ತಾನೆ. ‘ಹೆಜ್ಜೆ’ ಎಂದರೆ ನಡೆದೇಬಿಡುತ್ತಾನೆ. ಇವತ್ತು ಬಾಯಿಗೆ ತಾನಾಗಿ ಬಂತು — "ಒಂದಡಿ ಕಣೋ! ಅಡಿ!" ಅಳತೆ ಮಾಡಿದ ಹಾಗೆ ಒಂದೇ ಒಂದು ಅಡಿ ಇಟ್ಟ. ಹಾರಿದ. ಪಕ್ಕೆಯ ಮೇಲೆ ಇಳಿದ, ಮೊಣಕೈ ಊರದೆ. ಒಂದು ಕೈ ಬಾಲಿನ ಹಿಂದೆ, ಇನ್ನೊಂದು ಮೇಲೆ.

ಮಂಜಿನಲ್ಲಿ ಅವನ ಕಾಲು ನನಗೆ ಕಾಣುವುದಿಲ್ಲ. ಆದ್ದರಿಂದ ಹೇಳಿದೆ, ಅಡಿ ಇಡುವಾಗ ನೀನೇ ಗಟ್ಟಿಯಾಗಿ ಕೂಗು, ನನಗೆ ಕೇಳಿಸಬೇಕು. ಕೂಗಿದ. ನಲವತ್ತು ಬಾಲು. ನಲವತ್ತು ಸಲ ಮಂಜಿನ ಒಳಗಿನಿಂದ ‘ಅಡಿ!’, ಆಮೇಲೆ ಧೊಪ್ಪೆನ್ನುವ ಸದ್ದು.

೧೬ ಜನವರಿ, ಮಂಗಳವಾರ

ಸಂಕ್ರಾಂತಿಗೆ ಎರಡು ದಿನ ಪ್ರಾಕ್ಟೀಸ್ ಇಲ್ಲ. ಇವತ್ತು ಹೋಗಿ ನೋಡಿದರೆ ಬೀಳಲು ಹಾಸಿದ್ದ ರಾಗಿಹುಲ್ಲು ಮಾಯ. ಸೊಣ್ಣಪ್ಪನ ಮನೆಯದೇ ಹುಲ್ಲು. ಮೆದೆಯಿಂದ ಎಳೆದು ಸೈಕಲ್ ಮೇಲೆ ತಂದು ಗೋಲಿನ ಎರಡು ಬದಿಗೂ ಹರಡಿದ್ದ. ಹಬ್ಬದ ಬಣ್ಣ ಹಚ್ಚಿಸಿಕೊಂಡ ಹಸುಗಳು ಬಂದು ಅಷ್ಟನ್ನೂ ಮೇದಿವೆ. ಒಂದು ಇನ್ನೂ ಗೋಲಿನೊಳಗೇ ನಿಂತಿತ್ತು, ಕೊಂಬಿಗೆ ಹಸಿರು ಬಣ್ಣ. ಅದರ ಸ್ಟಾನ್ಸ್ ಚೆನ್ನಾಗಿತ್ತು.

ಅಷ್ಟರಲ್ಲಿ ಅವನ ತಾಯಿ ಪಿಳ್ಳಮ್ಮ ಹಸು ಹುಡುಕಿಕೊಂಡು ಬಂದರು. ಕೈಯಲ್ಲಿ ಕೋಲು.

"ಯಾಕ್ ಸೋಮಿ, ನನ್ ಮಗನ್ಗೆ ಬೀಳೋದು ಕಲಿಸ್ತೀರಂತೆ? ಉಟ್ಟಿದಾಗ್ಲಿಂದ ಬೀಳ್ದಂಗೆ ಇಡ್ಕೊಂಡು ಬೆಳೆಸ್ದೆ ನಾನು!"

"ಬಿದ್ದರೇನೇ ಕೆಲಸ ಖಾಯಂ ಆಗೋದು, ಪಿಳ್ಳಮ್ಮ."

"ಅದ್ಯಾವ ಕೆಲ್ಸಾನೋ ಕಾಣೆ." ಹಸುವಿನ ಬೆನ್ನಿಗೆ ಒಂದು ತಟ್ಟಿ ಹೊರಟರು. ಸ್ವಲ್ಪ ದೂರ ಹೋಗಿ ಮಗನ ಕಡೆ ತಿರುಗಿ, "ನಾಳೆ ಇನ್ನೊಂದ್ ಒರೆ ಉಲ್ಲು ಒಯ್ಯಲಾ ಸೊಣ್ಣಾ. ಮೂಳೆ ಮುರ್ಕೊಂಡ್ಯ," ಎಂದರು.

೨೦ ಜನವರಿ, ಶನಿವಾರ

ನಾಳೆ ಮ್ಯಾಚು. ಇವತ್ತು ಮೈ ದಣಿಸಲಿಲ್ಲ. ಬರೀ ಕಾಲು. ಕಂಬದಿಂದ ಕಂಬಕ್ಕೆ ಪಕ್ಕವಾಗಿ, ಕತ್ತರಿಯ ಹಾಗೆ ಕಾಲು ಅಡ್ಡ ಬರದಂತೆ. ಸುಣ್ಣದ ಗೆರೆಯ ಮೇಲೆ ಅವನ ಕ್ಯಾನ್ವಾಸ್ ಶೂ ಸದ್ದೇ ಮಾಡಲಿಲ್ಲ. ಮಂಜು ಅವನ ಮೊಣಕಾಲಿನವರೆಗೆ. ಕಾಲಿಲ್ಲದ ಮನುಷ್ಯ ತೇಲುತ್ತಿದ್ದಾನೆ ಎನಿಸಿತು. ನೋಡುತ್ತ ನಿಂತುಬಿಟ್ಟೆ, ಕಾಫಿ ತಣ್ಣಗಾಯಿತು.

ಸುಬ್ಬಲಕ್ಷ್ಮಿ ನನ್ನ ಆಟ ನೋಡಿದ್ದು ಒಂದೇ ಸಲ. ಮದುವೆಯಾದ ವರ್ಷ. ನಾಲ್ಕು ಗೋಲು ಬಿಟ್ಟಿದ್ದೆ. ಮನೆಗೆ ಬರುವ ಬಸ್ಸಿನಲ್ಲಿ ಹೇಳಿದಳು: "ಬೀಳೋದು ಮಾತ್ರ ತುಂಬಾ ಚೆನ್ನಾಗಿತ್ತು ಕಣ್ರೀ." ಇಪ್ಪತ್ತೆಂಟು ವರ್ಷ ಅದನ್ನೇ ಹೇಳಿ ನಗಿಸಿದಳು. ಹಾಲು ಉಕ್ಕಿದರೂ ಅದೇ, ಸೈಕಲ್ಲಿನಿಂದ ಬಿದ್ದರೂ ಅದೇ.

ಹಾರಿದ ಮೇಲೆ, ಇಳಿಯುವ ಮುಂಚೆ, ನಡುವೆ ಒಂದು ಜಾಗ ಇದೆ. ನೆಲದ್ದೂ ಅಲ್ಲ, ಗಾಳಿಯದೂ ಅಲ್ಲ. ಅಲ್ಲಿ ಕಿವಿ ಕೇಳಿಸುವುದಿಲ್ಲ. ಈಗ ಕೆಲವು ಸಲ ಮಧ್ಯಾಹ್ನ ಮಲಗಿದಾಗ ಅಲ್ಲಿಗೆ ಹೋಗಿ ಬರುತ್ತೇನೆ.

೨೧ ಜನವರಿ, ಭಾನುವಾರ

ಸೋತೆವು. ೦–೧. ಬರೆಯಲು ಮನಸ್ಸಿಲ್ಲ.

೨೪ ಜನವರಿ, ಬುಧವಾರ

ಮೂರು ದಿನ ಮೈದಾನಕ್ಕೆ ಹೋಗಲಿಲ್ಲ. ಇವತ್ತು ಗೊತ್ತಾಯಿತು. ಬರೆದೇಬಿಡುತ್ತೇನೆ.

ಭಾನುವಾರ ಕೊನೆಯ ಐದು ನಿಮಿಷದವರೆಗೆ ಗೋಲಿಲ್ಲ. ಸೊಣ್ಣಪ್ಪ ಆರು ಬಾಲು ಹಿಡಿದಿದ್ದ. ಆಗ ನೆಲದ ಮೇಲೆ ಉರುಳುತ್ತ ಒಂದು ಸಾಧಾರಣ ಬಾಲು ಬಂತು. ಸೊಣ್ಣಪ್ಪ ಅದಕ್ಕೆ ಹಾರುತ್ತಿದ್ದ. ಮುಂದೆ ನಮ್ಮ ಬ್ಯಾಕ್ ಸೆಲ್ವರಾಜ್. ಮಷೀನ್ ಶಾಪಿನವನು, ಕೆ.ಜಿ.ಎಫ್. ಕಡೆಯ ತಮಿಳಿನವನು, ಎಮ್ಮೆಯಷ್ಟು ಬಲ. ಅವನು ಇದ್ದಕ್ಕಿದ್ದಂತೆ ತಿರುಗಿ ಬಾಲನ್ನು ಜಾಡಿಸಿ ಒದ್ದ. ಅದು ಸೊಣ್ಣಪ್ಪನ ಬೆರಳು ಸವರಿ ನಮ್ಮದೇ ಗೋಲಿಗೆ ಹೋಯಿತು. ಇಬ್ಬರೂ ಕಾಲರ್ ಹಿಡಿದುಕೊಂಡರು. ಶ್ಯಾಮಣ್ಣ ಏನೋ ಬರೆದುಕೊಂಡು ಎದ್ದುಹೋದರು.

ಇವತ್ತು ಗೇಟಿನ ಎದುರು ಟೀ ಅಂಗಡಿಯಲ್ಲಿ ಸೆಲ್ವರಾಜ್ ಸಿಕ್ಕ. ಮುಖ ತಿರುಗಿಸಿದೆ. ಅವನೇ ಗ್ಲಾಸು ಹಿಡಿದು ಬಂದ.

"ಎಲ್ಲಾರೂ ನನ್ನೇ ಬಯ್ತಾರೆ ಸಾರ್. ಅವನೇ ತಾನೇ ಕೂಗಿದ್ದು? ಕೀಪರ್ ಹೇಳಿದ್ರೆ ಬ್ಯಾಕು ಕೇಳ್ಬೇಕು ತಾನೇ?"

"ಏನಂತ ಕೂಗಿದ?"

"ಅಡಿ ಅಂದ. ಗಟ್ಟಿಯಾಗಿ ಅಂದ, ಅಡಿ! ಮುಂಚೆ ಕೂಗಿದಾಗೆಲ್ಲ ಬಾಲು ನನ್ನ ಹತ್ರ ಇರ್ಲಿಲ್ಲ, ಈ ಸಲ ಕಾಲ ಹತ್ರಾನೇ ಇತ್ತು. ನಾನು ಅಡಿಚ್ಬಿಟ್ಟೆ."

ಟೀ ಗ್ಲಾಸು ಕೆಳಗಿಟ್ಟೆ. ತಮಿಳಿನಲ್ಲಿ ಅಡಿ ಎಂದರೆ ಹೊಡಿ. ಮೂವತ್ತು ವರ್ಷ ಈ ಕಾರ್ಖಾನೆಯಲ್ಲಿ ತಮಿಳರ ಜೊತೆ ಊಟ ಮಾಡಿದ್ದೇನೆ. ಕ್ಯಾಂಟೀನಿನ ಜಗಳದಲ್ಲಿ ದಿನವೂ ಕೇಳಿದ ಪದ. ಮಂಜಿನಲ್ಲಿ ನಿಂತು ‘ಸಿಕ್ಕಿತು!’ ಎಂದು ಕುಣಿದಾಗ ಒಂದು ಸಲವೂ ಹೊಳೆಯಲಿಲ್ಲ. ಅವರಿಬ್ಬರೂ ಒಟ್ಟಿಗೆ ಆಡಿದ್ದೇ ಅವತ್ತು ಮೊದಲ ಸಲ, ಹಾಗಾಗಿ ಮುಂಚೆ ಗೊತ್ತಾಗುವ ದಾರಿಯೂ ಇರಲಿಲ್ಲ.

ಬೆರಳು ಅವನದು, ಕಾಲು ಇವನದು. ಗೋಲು ನನ್ನದು.

೨೫ ಜನವರಿ, ಗುರುವಾರ

ಶ್ಯಾಮಣ್ಣನವರಿಗೆ ಕಾಗದ ಬರೆದೆ. ಇಂಗ್ಲಿಷಿನಲ್ಲೇ, ಫೈಲಿಗೆ ಹೋಗುವಂಥದ್ದು ಎಂದು. ನಾಲ್ಕು ಹಾಳೆ ಹರಿದೆ. ಕೊನೆಗೆ: ‘ರೆಸ್ಪೆಕ್ಟೆಡ್ ಸರ್, ದಿ ಫಾಲ್ಟ್ ವಾಸ್ ನಾಟ್ ಇನ್ ದಿ ಹ್ಯಾಂಡ್ ಆಫ್ ದಿ ಕೀಪರ್, ಬಟ್ ಇನ್ ದಿ ಮೌತ್ ಆಫ್ ದಿ ಕೋಚ್.’ ಆಮೇಲೆ ಪದದ ವಿಚಾರ, ಎರಡು ಭಾಷೆಯಲ್ಲಿ ಅರ್ಥ. ‘ಹೆನ್ಸ್’ ಎಂದು ಎರಡು ಕಡೆ ಹಾಕಿದೆ. ಗ್ರ್ಯಾಮರ್ ಸರಿಯಿದೆಯೋ ಇಲ್ಲವೋ.

ಹತ್ತೂವರೆಗೆ ಅವರ ಆಫೀಸು. ಓದಿ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

"ಏನ್ರೀ ಕೃಷ್ಣಸ್ವಾಮಿ, ಒಂದು ಪದಕ್ಕೆ ಗೋಲ್ ಹೋಯ್ತು ಅಂತೀರಾ?"

"ಪದಕ್ಕೇ ಹೋಯ್ತು ಸಾರ್. ಅವನಿಗೆ ಇನ್ನೊಂದು ಟ್ರಯಲ್ ಕೊಡಿ."

"ಕೊಡಬಹುದು. ಆದ್ರೆ ಈ ಕಾಗದ ಫೈಲಿಗೆ ಹೋಗ್ಬೇಕು. ಹೋದ್ರೆ ಏನಾಗತ್ತೆ ಗೊತ್ತಾ? ಕೋಚ್ ಸರಿಯಿಲ್ಲ ಅಂತ ಕೋಚೇ ಬರಕೊಟ್ಟ ಹಾಗೆ. ಮೇಲಿನೋರು ಆಗ್ಲೇ ಪಟಿಯಾಲದ ಕೋಚಿಂಗ್ ಸ್ಕೂಲಲ್ಲಿ ಟ್ರೈನಿಂಗ್ ಆದೋರು ಬೇಕು ಅಂತ ಕೂತಿದಾರೆ. ಫೆಬ್ರವರಿ ಒಂದರಿಂದ ನಿಮಗೆ ಮೈದಾನ ಇರಲ್ಲ."

"ಫೈಲಿಗೆ ಹಾಕದಿದ್ರೆ?"

"ನೀವು ಇರ್ತೀರ. ಸೊಣ್ಣಪ್ಪನ ಹೆಸರು ಹೋಗಲ್ಲ. ಕಾರಣ ಇಲ್ದೆ ಎರಡನೇ ಟ್ರಯಲ್ ಹೇಗ್ರೀ ಕೊಡ್ಲಿ? ಯೋಚ್ನೆ ಮಾಡಿ." ಕಾಗದವನ್ನು ನನ್ನ ಕಡೆಗೆ ಸರಿಸಿದರು. ಒಳ್ಳೆಯ ಮನುಷ್ಯ. ನಾನು ಅದನ್ನು ವಾಪಸ್ ತೆಗೆದುಕೊಳ್ಳಲಿ ಎಂದೇ ಸರಿಸಿದರೋ ಏನೋ.

ತೆಗೆದುಕೊಂಡೆ. ಕಿಟಕಿಯಿಂದ ಮೈದಾನದ ಒಂದು ಮೂಲೆ ಕಾಣುತ್ತಿತ್ತು, ಒಂದು ಕಂಬ, ಅರ್ಧ ಅಡ್ಡಪಟ್ಟಿ. ಬೆಳಿಗ್ಗೆ ಆರರಿಂದ ಎಂಟು — ಆ ಎರಡು ಗಂಟೆ ಇಲ್ಲದಿದ್ದರೆ ಉಳಿದ ಇಪ್ಪತ್ತೆರಡನ್ನು ಏನು ಮಾಡುವುದು ಎಂದು ಲೆಕ್ಕ ಹಾಕಲು ಹೋದೆ. ಲೆಕ್ಕ ಮುಂದುವರಿಯಲಿಲ್ಲ. ಕಾಗದದಲ್ಲಿ ತಾರೀಖು ಹಾಕುವುದು ಮರೆತಿದ್ದೆ. ಅವರ ಪೆನ್ನನ್ನೇ ತೆಗೆದುಕೊಂಡು ಹಾಕಿ, ಕಾಗದವನ್ನು ಫೈಲಿಗೆಂದು ತಿರುಗಿ ಕೊಟ್ಟೆ.

"ಸೋಮವಾರ ಸಂಜೆ ಐದು," ಎಂದರು. "ಅವನಿಗೆ ಆ ಹೊತ್ತು ಶಿಫ್ಟಿನಿಂದ ಪರ್ಮಿಷನ್ ಕೊಡಿಸ್ತೀನಿ. ಹತ್ತು ಬಾಲು, ನಮ್ಮ ಫಾರ್ವರ್ಡುಗಳು ಒದೀತಾರೆ. ಮುಂದೆ ಸೆಲ್ವರಾಜೇ ಬ್ಯಾಕು. ಮೂರಕ್ಕಿಂತ ಜಾಸ್ತಿ ಒಳಗೆ ಹೋದ್ರೆ ನನ್ನನ್ನ ಕೇಳ್ಬೇಡಿ. ನೀವು ಬಂದ್ರೆ ಬನ್ನಿ, ಆದ್ರೆ ಬಾಯಿ ಬಿಡಬಾರದು. ಒಂದಕ್ಷರಾನೂ."

೨೭ ಜನವರಿ, ಶನಿವಾರ

ಕಲಿಸಿದ್ದನ್ನು ಮರೆಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ನಿನ್ನೆ ರಜ, ಇಡೀ ಬೆಳಿಗ್ಗೆ ಪ್ರಯತ್ನಿಸಿದೆವು. ಕೂಗಬೇಡ ಎಂದರೆ ಕಾಲು ಏಳುವುದಿಲ್ಲ. ಮತ್ತೆ ಮೂಟೆ. "ಆ ಮಾತು ಬಂದ್ರೇನೇ ಕಾಲ್ಗೆ ತಿಳಿಯೋದು ಸಾ," ಎನ್ನುತ್ತಾನೆ. ಮನಸ್ಸಿನಲ್ಲೇ ಹೇಳಿಕೋ ಎಂದೆ. ಮನಸ್ಸಿನಲ್ಲಿ ಹೇಳಿಕೊಂಡದ್ದೂ ಬಾಯಿಗೇ ಬಂತು.

ಇವತ್ತು ಬಾಯಿ ತುಂಬ ನೀರು ತುಂಬಿಸಿ ನಿಲ್ಲಿಸಿದೆ. ನುಂಗಬಾರದು, ಉಗುಳಬಾರದು. ಮೊದಲ ಬಾಲಿಗೆ ಕಾರಂಜಿ. ಎರಡನೆಯದಕ್ಕೆ ನನ್ನ ಕನ್ನಡಕದ ಮೇಲೆ. ಹತ್ತನೆಯದೋ ಹನ್ನೊಂದನೆಯದೋ — ಕೆನ್ನೆ ಉಬ್ಬಿಸಿಕೊಂಡೇ ಅಡಿ ಇಟ್ಟ, ಹಾರಿದ, ಹಿಡಿದ, ಎದ್ದುನಿಂತು ನೀರು ಉಗುಳಿ, "ಬಂತು ಸಾ!" ಎಂದ.

ಸೆಲ್ವರಾಜೂ ಬಂದಿದ್ದ. ಕರೆದದ್ದು ನಾನಲ್ಲ. ಸೊಣ್ಣಪ್ಪ ಬಾಲನ್ನು ಅವನ ಕಡೆ ಉರುಳಿಸಿದ. ಆಮೇಲೆ ಸೆಲ್ವರಾಜನೇ, "ಬಾಲು ನಿಂದು ಅಂದ್ರೆ ಬಿಡು ಅನ್ನು ಮಚ್ಚಾ. ನಮ್ಮ ಭಾಷೇಲಿ ವಿಡು. ಎರಡೂ ಒಂದೇ," ಎಂದ.

"ಬಿಡು ಅಂದ್ರೆ ಬುಡ್ತೀಯ? ಇಲ್ಲ ಅದ್ಕೂ ಬೇರೆ ಅರ್ತ ಮಡಿಕ್ಕೊಂಡಿದೀಯಾ?"

"ಬಿಡದಿದ್ರೆ ನನ್ನ ಕಾಲ್ ತಗೊಂಡ್ಹೋಗೋ."

ಇಬ್ಬರೂ ನಕ್ಕರು. ನಾನು ಹತ್ತು ದಿನ ಹುಡುಕಿದ ಹಾಗೆ ಅವರು ಹುಡುಕಲಿಲ್ಲ. ನಿಂತಲ್ಲೇ ಸಿಕ್ಕಿತು. ಸಂತೋಷವೇ ಆಯಿತು. ಸ್ವಲ್ಪ ಬೇರೆ ಏನೋ ಕೂಡ ಆಯಿತು, ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇತ್ತು, ನೆನಪಿಗೆ ಬರುತ್ತಿಲ್ಲ.

ಫೆಬ್ರವರಿ ಒಂದರ ವಿಷಯ ಇಬ್ಬರಿಗೂ ಹೇಳಿಲ್ಲ. ಸೋಮವಾರ ಆಗಲಿ.

೨೯ ಜನವರಿ, ಸೋಮವಾರ. ಸಂಜೆ ೫-೧೦. ಮೈದಾನ

ಈ ಪುಸ್ತಕವನ್ನು ಮೊದಲ ಸಲ ಮನೆಯಿಂದ ಹೊರಗೆ ತಂದಿದ್ದೇನೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂದು. ಗೋಲಿನ ಹಿಂದೆ, ಮೋರಿಯ ಕಲ್ಲಿನ ಮೇಲೆ ಕೂತಿದ್ದೇನೆ. ಶ್ಯಾಮಣ್ಣ ಆ ಕಡೆ ಕುರ್ಚಿಯಲ್ಲಿ, ತೊಡೆಯ ಮೇಲೆ ಹಾಳೆ. ಹಗಲಿನ ಶಿಫ್ಟು ಬಿಟ್ಟವರು ಹತ್ತಿಪ್ಪತ್ತು ಜನ ಸೈಕಲ್ಲಿಗೆ ಒರಗಿ ನಿಂತಿದ್ದಾರೆ. ಸೊಣ್ಣಪ್ಪ ಒಮ್ಮೆ ತಿರುಗಿ ನನ್ನನ್ನು ನೋಡಿದ. ನಾನು ಪೆನ್ನು ತೋರಿಸಿದೆ.

ಒಂದು. ಎಡಕ್ಕೆ. ಹಿಡಿದ.

ಎರಡು. ಹೋಯಿತು. ಎತ್ತರದ್ದು, ಯಾರಿಗೂ ಆಗುತ್ತಿರಲಿಲ್ಲ.

ಮೂರು. ಕಾಲಲ್ಲಿ ತಡೆದ. ಕೆಟ್ಟದಾಗಿ. ಆದರೂ ತಡೆದ.

ನಾಲ್ಕು, ಹೋಯಿತು. ಅಡಿ ಇಡಲಿಲ್ಲ. ಮರೆತ. ಏಳುತ್ತಿದ್ದೆ, ಕೂತೆ.

ಐದು ಹಿಡಿದ. ಆರು ಹಿಡಿದ.

ಏಳು. ಹೋಯಿತು. ಮೂರಾಯಿತು. ಯಾರೋ ಸೈಕಲ್ ಬೆಲ್ಲು ಬಾರಿಸಿದರು, ಅಯೋಗ್ಯರು. ಇನ್ನು ಒಂದೂ ಹೋಗುವ ಹಾಗಿಲ್ಲ.

ಎಂಟು. ಕಂಬಕ್ಕೆ ಬಡಿದು ಹೊರಗೆ. ದೇವರ ಸೇವ್ ಎಂದುಕೊಳ್ಳೋಣ.

ಒಂಬತ್ತು — ಅದೇ ಬಾಲು. ಅವತ್ತಿನದೇ, ನೆಲದ ಮೇಲೆ ಉರುಳಿಕೊಂಡು, ಇಬ್ಬರ ನಡುವೆ. ಸೆಲ್ವರಾಜ್ ಕಾಲೆತ್ತಿದ. "ಬಿಡು!" ಎತ್ತಿದ ಕಾಲು ಹಾಗೇ ಗಾಳಿಯಲ್ಲಿ, ಬಾಲು ಅದರ ಕೆಳಗಿನಿಂದ ಬಂದು ಸೊಣ್ಣಪ್ಪನ ಎದೆಗೆ. ಸೆಲ್ವರಾಜ್ ಆಯ ತಪ್ಪಿ ಕೂತುಬಿಟ್ಟ. ಎಲ್ಲರೂ ನಕ್ಕರು.

ಹತ್ತು.

ಇದನ್ನು ನಿಧಾನವಾಗಿ ಬರೆಯುತ್ತೇನೆ. ಬಲಗಡೆ ಮೂಲೆಗೆ, ಕೆಳಗೆ, ಜೋರಾಗಿ. ಅವನ ಬಾಯಿ ಮುಚ್ಚಿತ್ತು. ಕಾಲು ಹೋಯಿತು, ಓರೆಯಾಗಿ, ಒಂದೇ ಒಂದು ಅಡಿ. ಆಮೇಲೆ ಅವನು ನೆಲದ ಮೇಲೆ ಇರಲಿಲ್ಲ. ಎಷ್ಟು ಹೊತ್ತು ಇರಲಿಲ್ಲವೋ ಹೇಳಲಾರೆ. ಮೂರು ಬೆರಳು ತಾಗಿತು. ಬಾಲು ನನ್ನ ಪಕ್ಕದಲ್ಲೇ ಹಾದು ಮೋರಿಗೆ ಬಿತ್ತು. ಗೋಲಿನ ಹೊರಗೆ! ಹೊರಗೆ!

೫-೫೦

ಶ್ಯಾಮಣ್ಣ ಹೋದರು. ಹೋಗುವ ಮುಂಚೆ ಹಾಳೆಗೆ ಸೈನ್ ಮಾಡಿ ಸೊಣ್ಣಪ್ಪನಿಗೇ ತೋರಿಸಿದರು. "ನಾಳೆ ಹೆಸರು ಹೋಗತ್ತೆ. ಇನ್ನು ಲಾರಿ ಹತ್ರ ಹೋಗಿ ಬೆನ್ನು ಮುರ್ಕೋಬೇಡ." ನನ್ನ ಹತ್ತಿರ ಬಂದು ಭುಜ ಮುಟ್ಟಿ ಹೋದರು.

ಸೊಣ್ಣಪ್ಪ ಓಡಿ ಬಂದು ಕಾಲಿಗೆ ಬಿದ್ದ. ಇದಕ್ಕೆ ಯಾವ ಅಡಿಯನ್ನೂ ಇಡಲಿಲ್ಲ, ಹಳೆಯ ಮೂಟೆಯ ಹಾಗೇ ಬಿದ್ದ. "ನಾಳೀಕೆ ಆರಕ್ಕೆ ಬರ್ಲಾ ಸಾ?" ಎಂದ. ತಲೆಯಾಡಿಸಿದೆ. ಇನ್ನೂ ಎರಡು ಬೆಳಿಗ್ಗೆ ಇವೆ. ಬುಧವಾರ ಹೇಳುತ್ತೇನೆ.

ಜನ ಎಲ್ಲ ಹೋದರು. ಇವರಿಬ್ಬರು ಹೋಗಲಿಲ್ಲ. ಸೆಲ್ವರಾಜ್ ಮೋರಿಯಿಂದ ಬಾಲು ತೆಗೆದು, ಪ್ಯಾಂಟಿಗೆ ಒರೆಸಿ, "ಇನ್ನೊಂದು ಹಾಕ್ಲಾ ಮಚ್ಚಾ?" ಎಂದ. ಹಾಕಿದ. ಮತ್ತೊಂದು ಹಾಕಿದ. ಈಗ ಯಾರೂ ಎಣಿಸುತ್ತಿಲ್ಲ. ಒಳಗೆ ಹೋದರೂ ನಗುತ್ತಾರೆ, ಹಿಡಿದರೂ ನಗುತ್ತಾರೆ. ಸೊಣ್ಣಪ್ಪ ಬೇಕೆಂದೇ ಬೀಳುತ್ತಿದ್ದಾನೆ, ಬಾಲು ಪಕ್ಕಕ್ಕೆ ಬರದಿದ್ದರೂ. ಸೆಲ್ವರಾಜನೂ ಒಂದು ಸಲ ಗೋಲಿಗೆ ನಿಂತು ಬಿದ್ದು ನೋಡಿದ, ಅಯ್ಯೋ ಎಂದು ಸೊಂಟ ಹಿಡಿದುಕೊಂಡ.

ನಿಲ್ಲಿಸಬೇಕಾದವನು ನಾನು. ಪ್ರಾಕ್ಟೀಸ್ ಮುಗಿಯುವುದು ಕೋಚ್ ‘ಸಾಕು’ ಎಂದಾಗ, ಇಷ್ಟು ವರ್ಷವೂ ಹಾಗೇ. ಅವರು ಆಗಾಗ ನನ್ನ ಕಡೆ ನೋಡುತ್ತಾರೆ. ನಾನು ಬರೆಯುತ್ತಿರುವುದು ಕಂಡು ಮತ್ತೆ ಶುರು ಮಾಡುತ್ತಾರೆ. ಅದಕ್ಕೇ ಬರೆಯುತ್ತಲೇ ಇದ್ದೇನೆ. ಏನಾದರೊಂದು. ನೀಲಗಿರಿ ತೋಪಿನ ತುದಿಯಲ್ಲಿ ಕೆಂಪು ಇದೆ. ಯಾವುದೋ ರೈಲು ಹೋಯಿತು, ದೀಪ ಹಾಕಿಕೊಂಡು. ಬಾಲಿನ ಬಿಳಿ ಈಗ ಬೂದಿಯ ಹಾಗೆ. ಒದ್ದ ಸದ್ದು ಮೊದಲು ಬರುತ್ತದೆ, ಆಮೇಲೆ ಅಂಗೈಗೆ ಕೂತ ಸದ್ದು, ನಡುವೆ ಏನೂ ಕಾಣುವುದಿಲ್ಲ. ಈ ಗೆರೆ ಮೇಲಿನ ಗೆರೆಯ ಮೇಲೇ ಹತ್ತಿದೆಯೋ ಏನೋ. ಬೆಳಕು ಹೋಗುತ್ತಿದೆ, ಇನ್ನೊಂದು ಬಾಲು...